ವಿವೇಕಾನಂದನ ಹೊಟ್ಟೆಗೆ ಬಂದ ಸಂಬಂಧ

ಖೂಬಾ ಪ್ಲಾಟ್ ಬಡಾವಣೆಯ ವಿವೇಕಾನಂದ ಏನು ಉಂಡರೂ ಅವನ ಹೊಟ್ಟೆ ತೊಗರಿ ಲಾರಿ ಏರು ಹತ್ತಿದಂತೆ ಗುಡುಗುತ್ತಿತ್ತು. ಆ ಸದ್ದಿಗೇ ಎರಡು ಸಂಬಂಧ ಮುರಿದಿದ್ದವು. ಕೊನೆಗೆ ಡಾಕ್ಟರು ಪೋಸ್ಟ್‌ಬಯೋಟಿಕ್ ಪುಡಿ ಕೊಟ್ಟ ಮೇಲೆ ಹೊಟ್ಟೆ ಸುಮ್ಮನಾಯಿತು.

ಭಾನುವಾರ ಕಮಲಾಪುರಕ್ಕೆ ಹೆಣ್ಣು ನೋಡಲು ಹೊರಡುವಾಗ ಆ ಪುಡಿ ನೀರಿಗೆ ಕಲಸುತ್ತಿದ್ದ. ಪಕ್ಕದ ಮನೆ ವಿಮಲಾಬಾಯಿ ಒಳಗೆ ಬಂದಳು.

"ಏನೋ ಅದು?"

"ಒಳ್ಳೆ ಜೀವಾಣುರೀ. ಸತ್ತಾವ. ಸತ್ತರೂ ಕರುಳಿಗೆ ಛಲೋ ಅಂತ."

"ಅಯ್ಯ! ಶುಭಕಾರ್ಯಕ್ಕ ಹೊಂಟು ಸತ್ತದ್ದು ಕುಡೀತಿ?" ಲೋಟ ಕಸಿದು ಮೋರಿಗೆ ಸುರಿದಳು.

ಕಾರು ತಂದಿದ್ದ ಎದುರುಮನೆ ವಹಾಬ್ ಚಾಚಾ ತಲೆಯಾಡಿಸಿದ. "ಮುರ್ದಾ ಏನ್ ಕೆಲಸ ಮಾಡ್ತದ ಬೇಟಾ? ಜಿಂದಾ ಬೇಕು!"

ಜೀವಂತ ಜೀವಾಣು ಅಂತ ಒಂದು ಬೋಗುಣಿ ಹುಳಿ ಮೊಸರು ಕುಡಿಸಿದ. ವಿಮಲಾಬಾಯಿ ಅದರ ಮೇಲೆ ಹುಳಿ ಅಂಬಲಿ ಸುರಿದಳು. ಮೂವರೂ ಕಮಲಾಪುರ ಮುಟ್ಟಿದ್ದೇ ಚಾಚಾ ಕೆಂಪು ಬಾಳೆಹಣ್ಣಿನ ಚಿಪ್ಪು ಕೊಂಡು, "ಹೊಟ್ಟಿ ಒಳಗಿನವರಿಗೂ ಊಟ ಬೇಕಲ್ಲ," ಎಂದು ಒಂದೊಂದೇ ಸುಲಿದು ತಿನ್ನಿಸಿದ.

ಹುಡುಗಿಯ ಮನೆಯಲ್ಲಿ ತಂದೆ ಸೂಗಪ್ಪ ಕೇಳಿದರು: "ನೌಕರಿ ಎಲ್ಲಿ?"

ಹೊಟ್ಟೆಯೇ ಉತ್ತರ ಕೊಟ್ಟಿತು. ಮಂಚದ ಕೆಳಗಿನ ಬೆಕ್ಕು ಹೊರಗೆ ಓಡಿತು.

"ಲಾರಿ ಹೋತು ನೋಡ್ರಿ," ಎಂದಳು ವಿಮಲಾಬಾಯಿ. ಮತ್ತೆ ಗುಡುಗಿತು. ಈ ಸಲ ಲಾರಿ ತರುವ ಧೈರ್ಯ ಆಕೆಗೂ ಆಗಲಿಲ್ಲ.

ಚಹಾ ತಂದ ಹುಡುಗಿ ಸುನಂದಾ ತಟ್ಟೆ ಕೆಳಗಿಟ್ಟಳು. "ಏನ್ ತಿಂದೀರಿ?"

ಬೆವರುತ್ತ ವಿವೇಕಾನಂದ ಎಲ್ಲವನ್ನೂ ಹೇಳಿಬಿಟ್ಟ. ಆಕೆ ನಗಲಿಲ್ಲ.

"ಪುಡಿ ಯಾಕ ಚೆಲ್ಲಿದ್ರಿ? ಸತ್ತ ಜೀವಾಣುನೂ ಕರುಳಿನ ಗ್ವಾಡಿ ಕಾಯ್ತಾವ್ರೀ. ಅವು ಜೀವ ಇದ್ದಾಗ ಮಾಡಿಟ್ಟದ್ದೂ ಉಪಯೋಗಕ್ಕ ಬರ್ತದ."

ಹಾಗೆಂದು ತಂದೆಯನ್ನು ಒಳಗೆ ಕರೆದೊಯ್ದಳು. ಮೂರನೇ ಸಂಬಂಧವೂ ಮುರಿಯಿತೆಂದು ವಿವೇಕಾನಂದ ಚಪ್ಪಲಿಯತ್ತ ನೋಡುತ್ತಿದ್ದ. ಸೂಗಪ್ಪ ಹೊರಬಂದು, "ನಮ್ಮ ಹುಡುಗಿಗಿ ನೀವೇ ಬೇಕಂತ!" ಎಂದರು.

ಚಾಚಾ ಅವನನ್ನು ಅಪ್ಪಿಕೊಂಡ. ವಿಮಲಾಬಾಯಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ವಿವೇಕಾನಂದನ ಕಣ್ಣು ತುಂಬಿ ಬಂತು.

ಸುನಂದಾ ಮುಚ್ಚಳದ ಸಣ್ಣ ಡಬ್ಬಿ ಹಿಡಿದು ಬಂದಳು.

"ನಾ ಯೂನಿವರ್ಸಿಟಿಯಾಗ ಕರುಳಿನ ಮ್ಯಾಲೆ ಸಂಶೋಧನೆ ಮಾಡ್ಲಾಕತ್ತೀನ್ರಿ. ಇಂಥಾ ಹೊಟ್ಟಿ ಎಲ್ಲೂ ಸಿಕ್ಕಿದ್ದಿಲ್ಲ. ನಾಳಿ ಮುಂಜಾನಿ ಸಂಡಾಸಕ್ಕ ಹೋದಾಗ ಇದ್ರಾಗ ಒಂದೀಟು ಹಿಡಕೊಂಡ್ ಬರ್ರಿ."

"ಮತ್ತ... ಮದುವಿ?"

"ಸಂಶೋಧನೆಗೆ ಸೇರಿದವರ ಕೂಡ ಸಂಬಂಧ ಮಾಡಂಗಿಲ್ರೀ. ನಿಯಮ ಅದ. ಎರಡ್ರಾಗ ಯಾವ್ದಂತ ನೀವೇ ಹೇಳ್ರಿ."

ವಿವೇಕಾನಂದ ಬಾಯಿ ತೆರೆಯುವಷ್ಟರಲ್ಲಿ ವಿಮಲಾಬಾಯಿ ಮುಂದೆ ಬಂದು, "ಹುಡುಗಿ ಕೈಯಾರೆ ಕೊಟ್ಟದ್ದು ಒಲ್ಲೆ ಅನ್ನಬಾರದು. ನಮಗ ಒಪ್ಪಿಗಿ ಅದ ತಾಯಿ!" ಎಂದು ಡಬ್ಬಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು.