ಹುರುಳಿ ಕಟ್ಟು ತಿಳಿಯಾಗಿದ್ದರೆ ಪಾಸು

ನಮ್ಮ ಚಿಕ್ಕಪ್ಪ ಯಾರನ್ನು ಬೇಕಾದರೂ ನಂಬಿಯಾರು, ನೀರನ್ನು ಮಾತ್ರ ನಂಬುವುದಿಲ್ಲ. ಕೊಟ್ಟೂರಿನಲ್ಲಿ ಅವರಷ್ಟು ಸಲೀಸಾಗಿ ಮೋಸ ಹೋಗುವವರು ಇನ್ನೊಬ್ಬರಿಲ್ಲ. ಸಂತೆಯಿಂದ ಹುಳುಕು ಬದನೆಕಾಯಿಯನ್ನು ನಗುನಗುತ್ತಲೇ ಹೊತ್ತು ತರುತ್ತಾರೆ. ಆದರೆ ಚಿಕ್ಕಮ್ಮನ ಕೈಗೆ ಯಾರಾದರೂ ಒಂದು ಲೋಟ ನೀರು ಕೊಟ್ಟು ನೋಡಲಿ! ನಡುವೆಯೇ ಕಸಿದುಕೊಂಡು, ಬೆಳಕಿಗೆ ಹಿಡಿದು, ಕಳ್ಳನನ್ನು ವಿಚಾರಿಸುವ ಪೊಲೀಸರ ಮುಖ ಮಾಡುತ್ತಾರೆ.

ಕಾರಣವಿಲ್ಲದೆ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಚಿಕ್ಕಮ್ಮನ ಎರಡೂ ಕಿಡ್ನಿ ಕೈಕೊಟ್ಟವು. ಹಿರೇಹಡಗಲಿಯಲ್ಲಿದ್ದ ಅವರ ಅಕ್ಕ ತಮ್ಮದೊಂದನ್ನು ಕೊಟ್ಟರು, ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಹೊಸ ಕಿಡ್ನಿಯನ್ನು ದೇಹ ಬೇಡವೆನ್ನದಿರಲೆಂದು ಬದುಕಿರುವತನಕ ಮಾತ್ರೆ ನುಂಗಬೇಕು. ಆ ಮಾತ್ರೆಯಿಂದ ರೋಗವನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ನಮಗೆ ಎರಡು ದಿನದ ಭೇದಿಯಾಗಿ ಹೋಗುವಂಥದ್ದು ಅವರ ಜೀವಕ್ಕೇ ಎರವಾಗಬಹುದು. ನೀರು ಕಾಯಿಸಿ ಕುಡಿಯಿರಿ, ಧಾರಾಳವಾಗಿ ಕುಡಿಯಿರಿ, ಕೆಮ್ಮು ನೆಗಡಿಯವರಿಂದ ದೂರವಿರಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಇಷ್ಟೇ ಆಗಿದ್ದರೆ ಸುಲಭವಿತ್ತು. ಚಿಕ್ಕಮ್ಮನಿಗೆ ಕಾಯಿಸಿದ ನೀರು ಗಂಟಲಲ್ಲಿ ಇಳಿಯದು, ಮಣ್ಣಿನ ಗಡಿಗೆಯ ನೀರೇ ಬೇಕು. ಕಾಯಿಸಿದ್ದನ್ನು ಗಡಿಗೆಗೆ ಹಾಕಿದರೆ ರುಚಿಯೇನೋ ಬರುತ್ತದೆ, ಜೊತೆಗೆ ಬ್ಯಾಕ್ಟೀರಿಯಾವೂ ಬರುತ್ತವೆ. ಚಿಕ್ಕಪ್ಪ ಮೆಡಿಕಲ್ ಶಾಪ್ ಇಡುವ ಮೊದಲು ಗ್ಲೂಕೋಸ್ ಬಾಟಲಿ ತುಂಬುವ ಕಾರ್ಖಾನೆಯೊಂದರಲ್ಲಿದ್ದವರು. ಅಲ್ಲಿಯ ಗೆಳೆಯರಿಂದ ಫಿಲ್ಟರು ತರಿಸಿದರು. ಹಪ್ಪಳದಂಥ ಬಿಳಿ ಬಿಲ್ಲೆ, ಅದನ್ನು ಒಳಗಿಟ್ಟು ಬಿಗಿಯಲು ಒಂದು ಸ್ಟೀಲಿನ ಡಬ್ಬಿ. ಒಂದು ಮಿಲಿಮೀಟರನ್ನು ಐದು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅದರ ತೂತು. ಬ್ಯಾಕ್ಟೀರಿಯಾ ಅಲ್ಲಿ ಸಿಕ್ಕಿಬೀಳುತ್ತವೆ. ವೈರಸ್ಸು ನುಸುಳಿಬಿಡುತ್ತದೆ, ಅದಕ್ಕೇ ಮೊದಲು ಕಾಯಿಸುವುದು. ಅಷ್ಟು ಸಣ್ಣ ತೂತಿನಲ್ಲಿ ನೀರು ತಾನಾಗಿ ಇಳಿದೀತೆ? ಸೈಕಲ್ ಪಂಪಿನಿಂದ ಗಾಳಿ ಒತ್ತಬೇಕು. ಹೀಗೆ ಕಾಯಿಸಿ, ಆರಿಸಿ, ಗಡಿಗೆಗೆ ತುಂಬಿ, ಪಂಪು ಹೊಡೆದು ಒಂದು ಚೊಂಬು ನೀರು ಕೈಗೆ ಬರುವಷ್ಟರಲ್ಲಿ ಹಿತ್ತಲಲ್ಲಿ ಹೊಸ ಬಾವಿಯನ್ನೇ ತೋಡಬಹುದಿತ್ತೆಂದು ಚಿಕ್ಕಮ್ಮ ಗೊಣಗುತ್ತಿದ್ದರು.

ಫಿಲ್ಟರಿನ ಮೇಲಾದರೂ ನಂಬಿಕೆಯಿತ್ತೆ? ಅದೂ ಇಲ್ಲ! ಬಿಲ್ಲೆ ಎಲ್ಲಾದರೂ ಹರಿದಿದ್ದರೆ? ಡಬ್ಬಿಯನ್ನು ಹಿಡಿದುಕೊಂಡು ಸೈಕಲ್ ಶಾಪಿನ ಖಾಜಾಸಾಬರ ಹತ್ತಿರ ಹೋದರು. ಟ್ಯೂಬಿನ ಪಂಕ್ಚರ್ ನೋಡುವ ನೀರಿನ ಬೋಗುಣಿಯಲ್ಲಿ ಫಿಲ್ಟರಿನ ನಳಿಕೆ ಮುಳುಗಿಸಿ ಗಾಳಿ ಹೊಡೆಸಿದರು. ನೆಂದ ಬಿಲ್ಲೆ ಗಟ್ಟಿಯಿದ್ದರೆ ಗಾಳಿಯನ್ನು ಬಿಡುವುದಿಲ್ಲ, ಹರಿದಿದ್ದರೆ ತಕ್ಷಣ ಗುಳ್ಳೆ ಏಳುತ್ತದೆ. ಕಾರ್ಖಾನೆಯಲ್ಲೂ ಹೀಗೇ ನೋಡುತ್ತಿದ್ದರಂತೆ. ಒಂದು ಬಿಲ್ಲೆಗೆ ಗುಳ್ಳೆ ಎದ್ದೇ ಎದ್ದಿತು. ಖಾಜಾಸಾಬರು ತಮ್ಮ ವೃತ್ತಿಧರ್ಮದಂತೆ ಕೇಳಿದರು:

“ಪ್ಯಾಚ್ ಹಚ್ಚಲೇನ್ರಿ?”

ಚಿಕ್ಕಪ್ಪ ಒಂದು ಗಳಿಗೆ ಯೋಚಿಸಿದರೆಂದೇ ನನ್ನ ಅನುಮಾನ.

ಗುಳ್ಳೆಯ ಪರೀಕ್ಷೆಯಾದ ಮೇಲೆ ಹುರುಳಿಯ ಪರೀಕ್ಷೆ. ಬ್ಯಾಕ್ಟೀರಿಯಾ ಬೆಳೆಸಿ ನೋಡಲು ಕಾರ್ಖಾನೆಯಲ್ಲಿ ಮಾಂಸದ ಸಾರು ಬಳಸುತ್ತಿದ್ದರಂತೆ. ನಮ್ಮದು ಅಂಥ ಮನೆಯಲ್ಲ. ಹಾಗಾಗಿ ನಮ್ಮ ಗಡಿಗೆಯ ಬ್ಯಾಕ್ಟೀರಿಯಾ ಸಸ್ಯಾಹಾರಕ್ಕೆ ಒಗ್ಗಿಕೊಳ್ಳಬೇಕಾಯಿತು. ಹುರುಳಿ ಬೇಯಿಸಿ ಬಸಿದ ಕಟ್ಟನ್ನು ತಿಳಿಯಾಗುವಂತೆ ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿ, ಕುಕ್ಕರಿನಲ್ಲಿ ಕೂಗಿಸಿ, ಆರಿದ ಮೇಲೆ ಅದಕ್ಕೆ ಫಿಲ್ಟರಿನ ನೀರು ಬೆರೆಸಿ ಒಲೆಯ ಹತ್ತಿರ ಬೆಚ್ಚಗಿಡುವುದು. ಮೂರನೆಯ ದಿನ ತಿಳಿಯಾಗಿಯೇ ಇದ್ದರೆ ಪಾಸು, ಕದಡಿದರೆ ಫೇಲು.

ಒಮ್ಮೆ ಹಿರೇಹಡಗಲಿಯ ಅಕ್ಕ ಬಂದವರು, ತಂಗಿ ಮಲಗಿದ್ದಾಳಲ್ಲ ಎಂದು ತಾವೇ ಅಡುಗೆಗೆ ನಿಂತರು. ಚಿಕ್ಕಪ್ಪ ಮಧ್ಯಾಹ್ನ ಅಂಗಡಿಯಿಂದ ಬಂದಾಗ ಬಾಟಲಿ ಖಾಲಿ, ಮನೆತುಂಬ ಒಗ್ಗರಣೆಯ ಘಮ!

“ಅದನ್ನ ನಾಳೆ ಮಟ ಮುಟ್ಟಬಾರದಿತ್ತು” ಎಂದರು ಚಿಕ್ಕಪ್ಪ, ಅಳುವುದೊಂದು ಬಾಕಿ.

“ನಾಳೆ ಮಟ ಇಟ್ರ ಹಳಸೂದಿಲ್ಲೇನ್ರಿ?”

“ಹಳಸ್ತೈತೋ ಇಲ್ಲೋ ನೋಡಾಕನ ಇಟ್ಟಿದ್ದೆ.”

ಕಿಡ್ನಿ ಕೊಟ್ಟವರಿಗೆ ಎದುರಾಡಲಾದೀತೆ? ತೆಪ್ಪಗೆ ಕೂತು ಎರಡು ಸಲ ಹಾಕಿಸಿಕೊಂಡು ಉಂಡರು.

ಆದರೆ ಒಂದು ವಾರ ಬಾಟಲಿ ಮೇಲೆ ಬಾಟಲಿ ಕದಡತೊಡಗಿತು. ಬಿಲ್ಲೆಯಲ್ಲಿ ಗುಳ್ಳೆ ಇಲ್ಲ, ಡಬ್ಬಿ ಸರಿಯಾಗಿದೆ, ನಳಿಕೆ ಕುದಿಸಿದ್ದಾಗಿದೆ. ಚಿಕ್ಕಮ್ಮನಿಗೆ ಅದೇ ನೀರು ಕೊಟ್ಟಿದ್ದೇನಲ್ಲ ಎಂದು ಚಿಕ್ಕಪ್ಪನಿಗೆ ಊಟವೂ ಸೇರಲಿಲ್ಲ. ಕೊನೆಗೆ ಚಿಕ್ಕಮ್ಮನೇ ಕಳ್ಳನನ್ನು ಹಿಡಿದರು. ಶುದ್ಧವಾದ ನೀರನ್ನು ತುಂಬುವ ಮುಂಚೆ ಚಿಕ್ಕಪ್ಪ ಬಾಟಲಿಯ ಬಾಯನ್ನು ಬಲು ಭಕ್ತಿಯಿಂದ ಹೆಗಲ ಮೇಲಿನ ಟವೆಲಿನಲ್ಲಿ ಒರೆಸುತ್ತಿದ್ದರು! ಫಿಲ್ಟರಿನ ತಪ್ಪೇನೂ ಇರಲಿಲ್ಲ. ಅಂದಿನಿಂದ ಟವೆಲು ಗೂಟ ಸೇರಿತು. ನೀರು ತುಂಬುವಾಗ ಮಾತಿಗೆ ಬಾಯಿ ತೆರೆಯುವುದನ್ನೂ ಚಿಕ್ಕಪ್ಪ ಬಿಟ್ಟರು. ಅಷ್ಟು ಹೊತ್ತಾದರೂ ಮನೆ ತಣ್ಣಗಿರುತ್ತದೆಂದು ಚಿಕ್ಕಮ್ಮನಿಗೆ ಸಮಾಧಾನ.

ಎರಡು ವರ್ಷ ಹೀಗೇ ನಡೆಯಿತು. ಒಂದು ಚಳಿಗಾಲದಲ್ಲಿ ಚಿಕ್ಕಪ್ಪನಿಗೆ ಕೆಮ್ಮು ಶುರುವಾಗಿ ಜ್ವರ ಏರಿತು. ಯಾರಿಗೂ ಹೇಳದೆ ಕೇಳದೆ ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಬಂದುಬಿಟ್ಟರು. ಪಕ್ಕದ ನಮ್ಮ ಮನೆಯಿಂದ ಗಂಜಿ ಒಯ್ದವಳು ನಾನು. ಚಳಿಯಲ್ಲಿ ಇದೇನು ಹುಚ್ಚಾಟ, ನಮ್ಮ ಮನೆಗಾದರೂ ಬನ್ನಿ ಎಂದು ಜೋರು ಮಾಡಿದೆ.

“ಫಿಲ್ಟರು ತನ್ನೊಳಗ ಬಂದಿದ್ದನ್ನ ಹಿಡೀತೈತವ್ವಾ. ನಾ ಬಿಡೋ ಉಸಿರು ಅದರಾಗ ಹಾದು ಹೋಗ್ತೈತೇನು?” ಎಂದರು. ಇಲ್ಲಿದ್ದರೆ ಆಕೆ ಕೆಮ್ಮಿದರೂ ಕೇಳಿಸುತ್ತದೆ, ಬರುವುದಿಲ್ಲ ಎಂದರು.

ಒಳಗೆ ಪಂಪಿನ ಸದ್ದು ಕೇಳುತ್ತಿತ್ತು. ಚಿಕ್ಕಮ್ಮ ತಾವೇ ಹೊಡೆಯುತ್ತಿದ್ದರು, ನಡುನಡುವೆ ನಿಲ್ಲಿಸಿ ಸುಧಾರಿಸಿಕೊಂಡು. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳಿನ ನಡುವಿನಿಂದ ಒಂದು ಲೋಟ ಹೊರಗೆ ಬಂತು.

ಚಿಕ್ಕಪ್ಪ ಬೇಡವೆಂದು ತಲೆಯಾಡಿಸಿದರು. “ಅದು ನಿನ್ನ ನೀರು. ನನಗ ನಳದ್ದು ನಡೀತೈತಿ.”

“ಕಿಡ್ನಿ ಕೊಡಾಕ ನಮ್ಮಕ್ಕ ಇದ್ಲು” ಎಂದರು ಚಿಕ್ಕಮ್ಮ. “ನಿಮ್ಮನ್ನ ಯಾರು ಕೊಡ್ತಾರ? ಕುಡೀರಿ.”

ಚಿಕ್ಕಪ್ಪ ಎದ್ದು ಬಂದು ಲೋಟ ತೆಗೆದುಕೊಂಡರು. ಹಿಂದೆ ಸರಿದು, ಬೀದಿಯ ಕಡೆ ಮುಖ ತಿರುಗಿಸಿ ಅಷ್ಟನ್ನೂ ಕುಡಿದರು. ಖಾಲಿ ಲೋಟಕ್ಕಾಗಿ ಚಿಕ್ಕಮ್ಮ ಸರಳಿನಾಚೆ ಕೈ ಚಾಚಿದರು.

“ಬ್ಯಾಡ, ಇದು ಇಲ್ಲೇ ಇರಲಿ. ನನ್ನ ಬಾಯಿ ಹತ್ತೈತಿ.”

ಚಿಕ್ಕಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಆ ಕೈಯನ್ನೇ ನೋಡುತ್ತ ಒಂದು ಮಾರು ದೂರದಲ್ಲಿ ನಿಂತೇ ಇದ್ದರು.