ಅಡ್ಡಿಲ್ಲ ಎಂದ ಭೂತ

ನಮ್ಮ ಮನೆಯಲ್ಲಿ ನಗುವ ಸಂಗತಿಗಳು ಮೊದಲು ಹೆದರಿಸದೆ ಬಂದದ್ದೇ ಇಲ್ಲ. ಮೈಮೇಲೆ ಮುಳ್ಳೆದ್ದು ಇಳಿದ ಮೇಲೇ ನಗು. ಅಣ್ಣ ಸತ್ತು ತಿರುಗಿ ಬಂದ ವರ್ಷವಂತೂ ನಾವು ಹೆದರಿದ್ದೂ ಹೆಚ್ಚು, ನಕ್ಕದ್ದೂ ಹೆಚ್ಚು.

೧. ಕಾಗೆ ಮುಟ್ಟದ ಎಡೆ

ಅಣ್ಣ ಮುಂಬಯಿಯ ಸರಕಿನ ಹಡಗೊಂದರಲ್ಲಿ ಖಲಾಸಿಯಾಗಿದ್ದ. ಅವನ ಸಿಟ್ಟು ನಮ್ಮೂರು ಬೇಲೆಕೇರಿಗೆಲ್ಲ ಗೊತ್ತು. ಅಂಕೋಲೆಯವರು ಉಪ್ಪಿಗಾಗಿ ಜೈಲಿಗೆ ಹೋಗುವ ಮೊದಲೇ ಅವನು ಮನೆಯಲ್ಲಿ ಉಪ್ಪಿನ ಚಳವಳಿ ಶುರುಮಾಡಿದ್ದ. ಸಾರಿಗೆ ಉಪ್ಪು ಕಡಿಮೆಯಾದರೆ ಬಟ್ಟಲು ಅಂಗಳಕ್ಕೆ! ಅಂಥವನು ಒಮ್ಮೆ ಹಡಗು ಹತ್ತಿದ ಮೇಲೆ ಸುದ್ದಿಯೇ ಇಲ್ಲ. ಜಪಾನಿನಲ್ಲಿ ಜ್ವರ ಬಂದು ಸತ್ತನಂತೆ ಎಂದು ಜೊತೆಯವರು ಬಂದು ಹೇಳಿದರು. ಹಿರಿಯರು ದರ್ಭೆಯ ಬೊಂಬೆ ಸುಟ್ಟು ಕ್ರಿಯೆ ಮುಗಿಸಿದರು. ಅತ್ತಿಗೆ ಬಳೆ ಒಡೆದುಕೊಂಡಳು.

ಮೊದಲ ವರ್ಷದ ತಿಥಿ. ನಡುಮಧ್ಯಾಹ್ನ. ಹಿತ್ತಲಲ್ಲಿ ಬಾಳೆಲೆಯ ಮೇಲೆ ಎಡೆಯಿಟ್ಟು ಕಾಗೆಯನ್ನು ಕರೆದು ಕರೆದು ನಮ್ಮ ಗಂಟಲು ಒಣಗಿತು. ಕಾಗೆಗಳು ತೆಂಗಿನ ಗರಿಯ ಮೇಲೆ ಸಾಲಾಗಿ ಕೂತು ಸುಮ್ಮನೆ ನೋಡುತ್ತಿದ್ದವು. ಒಂದೂ ಇಳಿಯಲಿಲ್ಲ, ಒಂದೂ ಕೂಗಲಿಲ್ಲ.

"ಸತ್ತವನಿಗೆ ಎಂತದೋ ಸಿಟ್ಟು ಅದೆ," ಎಂದರು ಭಟ್ಟರು.

ಸಿಟ್ಟು ಎಂದೊಡನೆ ನಾವೆಲ್ಲ ನಂಬಿದೆವು. ಕಣ್ಣುಮುಚ್ಚಿ ಕೈಮುಗಿದೆವು. ಕಣ್ಣು ತೆರೆದರೆ ಎಲೆಯ ಮುಂದೆ ಅಣ್ಣ ಕೂತು ಉಣ್ಣುತ್ತಿದ್ದಾನೆ! ಬೋಳುತಲೆ, ಬಿಳಿ ಬಟ್ಟೆ, ಪಕ್ಕದಲ್ಲೊಂದು ಕೋಲು. ಕಾರವಾರದಲ್ಲಿ ದೋಣಿಯಿಳಿದು ನಡೆದೇ ಬಂದು ಹಸಿದಿದ್ದನಂತೆ. ಅದು ನಮಗೆ ಆಮೇಲೆ ತಿಳಿದದ್ದು.

ಭಟ್ಟರು ಹಿಂದೆ ಹಿಂದೆ ಸರಿಯುತ್ತಿದ್ದರು. ಆದರೂ ಬಾಯಿ ರೂಢಿಯ ಪ್ರಕಾರ ಕೇಳಿಬಿಟ್ಟಿತು: "ತೃಪ್ತಿ ಆಯ್ತಾ?"

"ಉಪ್ಪು ಚೂರು ಕಡಿಮೆ," ಎಂದ ಅಣ್ಣ. "ಅಡ್ಡಿಲ್ಲ."

ಭಟ್ಟರು ದಕ್ಷಿಣೆ ಬಿಟ್ಟು ಓಡಿದರು. ಅತ್ತಿಗೆ ಓಡಲಿಲ್ಲ. ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ತಮಾ, ಉಪ್ಪು ಕಡಿಮೆ ಆದ್ರೂ ಎಲೆ ಎಸೀಲಿಲ್ಲ. ಇದು ಅವರಲ್ಲ."

೨. ಗೋಡೆ

ಜ್ವರದಿಂದ ಬಿದ್ದ ಅಣ್ಣನನ್ನು ಹಡಗಿನವರು ಜಪಾನಿನಲ್ಲೇ ಬಿಟ್ಟು ಹೋಗಿದ್ದರು. ಬೌದ್ಧರ ಮಠದ ಮುದಿ ಸನ್ಯಾಸಿಗಳು ಗಂಜಿ ಕೊಟ್ಟು ಬದುಕಿಸಿ, ತಮ್ಮ ವಿದ್ಯೆಯನ್ನೂ ಕಲಿಸಿ ಕಳಿಸಿದ್ದರು. ಅದರ ಹೆಸರು ಝೆನ್ ಎಂದ ಅಣ್ಣ.

"ಅದರಲ್ಲಿ ಎಂತಾ ಮಾಡುದು?" ಎಂದೆ ನಾನು.

"ಕೂತ್ಕಳುದು."

"ಕೂತು?"

"ಕೂತೇ ಇರುದು. ಬಂದದ್ದು ಬರ್ಲಿ, ಹೋದದ್ದು ಹೋಗ್ಲಿ."

ದಿನವೂ ಜಗುಲಿಯ ಗೋಡೆಗೆ ಮುಖಮಾಡಿ ಕೂರುತ್ತಿದ್ದ. ಉಸಿರಾಡುವುದೂ ಕಾಣುತ್ತಿರಲಿಲ್ಲ. ನಮ್ಮ ನಾಯಿ ಅವನನ್ನು ಕಂಡು ಬೊಗಳಲೂ ಇಲ್ಲ, ಬಾಲ ಆಡಿಸಲೂ ಇಲ್ಲ. ಅತ್ತಿಗೆ ದೂರದಿಂದಲೇ ಬಡಿಸುತ್ತಿದ್ದಳು. "ಅವರು ಹೌದು ಅಂತ ಗೊತ್ತಾಗೂವರೆಗೆ ನಾ ಬಳೆ ತೊಡೂದಿಲ್ಲ" ಎಂದು ನನ್ನ ಹತ್ತಿರ ಖಡಾಖಂಡಿತ ಹೇಳಿದ್ದಳು.

ಒಮ್ಮೆ ಪಕ್ಕದ ಮನೆಯ ಅಜ್ಜಿ ಒಲೆಗೆ ಕೆಂಡ ಕೇಳಲು ಬಂದವಳು, ಇವನು ಏನು ನೋಡುತ್ತಿದ್ದಾನೆಂದು ತಾನೂ ಕೂತು ನೋಡಿದಳು. ತುಸು ಹೊತ್ತಿಗೆ ಕಿಟಾರನೆ ಕಿರುಚಿದಳು. ಗೋಡೆಯಲ್ಲಿ ಅವಳ ಸತ್ತ ಅತ್ತೆ ಅಕ್ಕಿ ಕುಟ್ಟುತ್ತಾ ಬೈಯುತ್ತಿದ್ದಳಂತೆ. ಮರುದಿನದಿಂದ ಜಗುಲಿಯ ತುಂಬ ಜನ. ಯಾರಿಗೋ ಮುಳುಗಿದ ದೋಣಿ ಕಂಡಿತು, ಯಾರಿಗೋ ಬರೀ ಕಣ್ಣು. ನನಗೂ ಒಂದು ಮಧ್ಯಾಹ್ನ ಗೋಡೆ ಅಲುಗಿದಂತಾಯಿತು. ತಡೆಯಲಾರದೆ ಕೇಳಿದೆ: "ಅಣ್ಣಾ, ಇದರಲ್ಲಿ ನಿಂಗೆ ಕಾಣೂದು ಎಂತದು?"

"ಸುಣ್ಣ," ಎಂದ. "ಎದ್ದದೆ. ಮಳೆಗಿಂತ ಮುಂಚೆ ಬಳೀಬೇಕು."

೩. ಮೆಟ್ಟು

ನಮ್ಮ ಕಡೆ ಊರ ಗಡಿ ಕಾಯುವ ದೇವಚಾರನಿಗೆ ಹೊಸ ಮೆಟ್ಟು ಹರಕೆ ಕೊಡುತ್ತಾರೆ. ತಿರುಗಿ ತಿರುಗಿ ಅವನ ಮೆಟ್ಟು ಸವೆಯುತ್ತದೆಂದು ನಂಬಿಕೆ. ಬಿರುಬಿಸಿಲಿನಲ್ಲಿ ಗಡಿಯ ಆಲದ ಬುಡದಲ್ಲಿ ಕೋಲಿಟ್ಟುಕೊಂಡು ಅಲುಗದೆ ಕೂತ ಅಣ್ಣನನ್ನು ಕಂಡು, ಗಾಡಿಯವನೊಬ್ಬ ತನ್ನ ಹೊಸ ಮೆಟ್ಟನ್ನೇ ಅವನ ಮುಂದಿಟ್ಟು ಹೋದ. ಅಣ್ಣ ಅದನ್ನು ಮೆಟ್ಟಿಕೊಂಡು ಮನೆಗೆ ಬಂದ. ಕೆಲ ದಿನ ಕಳೆದು ಅದೇ ಗಾಡಿಯವ ತೆಂಗಿನಕಾಯಿ ಕೇಳಿಕೊಂಡು ನಮ್ಮ ಅಂಗಳಕ್ಕೆ ಬಂದ. ಬಾಗಿಲಲ್ಲಿ ತನ್ನ ಮೆಟ್ಟು ನೋಡಿ ಮರಗಟ್ಟಿ ನಿಂತ. ಅಣ್ಣ ಹೊರಗೆ ಬಂದು, "ನಿಂದಾ? ತಕೋ, ಅಡ್ಡಿಲ್ಲ" ಎಂದು ಎತ್ತಿಕೊಟ್ಟ. ಕೊಟ್ಟ ಹರಕೆಯನ್ನು ದೇವಚಾರನೇ ತಿರುಗಿ ಕೊಟ್ಟರೆ ಉಳಿಗಾಲವುಂಟೇ? ಅವನು ಎತ್ತು, ಗಾಡಿ ಎರಡನ್ನೂ ಬಿಟ್ಟು ಓಡಿದ.

ಎಲ್ಲವನ್ನೂ ಬಿಡುವ ವಿದ್ಯೆಯನ್ನು ಅಣ್ಣನಿಗಿಂತ ಬೇಗ ಕಲಿತವನು ಅವನೇ.

೪. ಬಳೆ

ಅತ್ತಿಗೆ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿದಳು. ಉಪ್ಪೇ ಹಾಕದೆ ಬಂಗಡೆ ಸಾರು ಮಾಡಿದಳು. ಅಡ್ಡಿಲ್ಲ. ಅವನ ಪ್ರೀತಿಯ ಕಂದೀಲನ್ನು ಕೈಜಾರಿಸಿ ಒಡೆದಳು. ಅಡ್ಡಿಲ್ಲ. ಅವನು ಒಂದೊಂದು ಸಲ ಹಾಗೆಂದಾಗಲೂ ಅವಳ ಮುಖ ಬಿಳುಚುತ್ತಿತ್ತು. ಕೊನೆಗೆ ಸೆರಗಲ್ಲಿ ಕಣ್ಣೊರೆಸುತ್ತಾ, ಊರದೇವರ ಪೂಜೆಯ ಗುನಗನನ್ನು ಕರೆಸೆಂದಳು. ನನಗೂ ಸಂಕಟವಾಯಿತು. ಗಂಡ ಎದುರಿಗಿದ್ದೂ ಅವಳು ವಿಧವೆಯ ಹಾಗೆ ಬದುಕುತ್ತಿದ್ದಳಲ್ಲ!

ಗುನಗ ಬಂದು ಅಕ್ಕಿಕಾಳು ಚೆಲ್ಲಿ, ಗೋಡೆಯ ಮುಂದೆ ಕೂತಿದ್ದ ಅಣ್ಣನ ಬೆನ್ನನ್ನೇ ಬಹಳ ಹೊತ್ತು ನೋಡಿದ.

"ತಂಗೀ, ಇದು ಕಡಲಾಚೆಯ ಭೂತ. ಒಂದು ಕೋಳಿ ಕೊಡು. ಇದನ್ನ ಓಡ್ಸಿ, ನಿನ್ನ ಹಳೇ ಗಂಡನ್ನ ಕರ್ಕೊಂಡು ಬರ್ತೆ."

ಅತ್ತಿಗೆ ಕೋಳಿ ಹಿಡಿದು ತಂದಳು. ಕೊಡುವ ಮುಂಚೆ ತಡೆದು ಕೇಳಿದಳು: "ಹ್ಯಾಂಗಿದ್ರೋ ಹಾಂಗೇ ಬರ್ತಾರಾ?"

"ಹಾಂಗೇ. ಚೂರೂ ಬದಲಿಲ್ಲ."

ಅತ್ತಿಗೆ ಅಂಗಳದ ಕಡೆ ನೋಡಿದಳು. ಅಲ್ಲಿ ತೊಳೆದು ಬೋರಲು ಹಾಕಿದ್ದ ಹಳೆಯ ಬಟ್ಟಲುಗಳೆಲ್ಲ ಹಿಂದೆ ಅಣ್ಣ ಎಸೆದು ನೆಗ್ಗಿದವೇ ಆಗಿದ್ದವು. ಅವಳು ಕೋಳಿಯನ್ನು ಮೆಲ್ಲನೆ ನೆಲಕ್ಕೆ ಬಿಟ್ಟಳು.

"ಹಾಂಗಾರೆ ಬೇಡ. ಭೂತ ಆದ್ರೂ ಇದೇ ಇರ್ಲಿ."

ಮರುದಿನವೇ ಬಳೆಗಾರ ಬಂದ. ಜಗುಲಿಯಲ್ಲಿ ಕೂತು ಅತ್ತಿಗೆಯ ಕೈಗೆ ಹಸಿರು ಬಳೆ ಏರಿಸುವಾಗ ಒಂದು ಫಟ್ಟನೆ ಒಡೆಯಿತು. ನಾವೆಲ್ಲ ಅಣ್ಣನ ಕಡೆ ತಿರುಗಿದೆವು. ಹಿಂದೆ ಇಂಥ ಅಪಶಕುನವಾಗಿದ್ದರೆ ಅಣ್ಣನ ಕೂಗಿಗೆ ಬಳೆಗಾರ ಅಂಕೋಲೆ ಮುಟ್ಟುತ್ತಿದ್ದ.

"ಅಡ್ಡಿಲ್ಲ," ಎಂದಿತು ಗೋಡೆಯ ಕಡೆಯ ದನಿ.

"ನೋಡು, ಖಂಡಿತ ಅವರಲ್ಲ" ಎಂದು ನಗುತ್ತಾ ಅತ್ತಿಗೆ ಇನ್ನೊಂದು ಕೈಯನ್ನೂ ಚಾಚಿದಳು.