ಜಿಂಕೆಗೆ ಪ್ರಾಣದಾನ

"ಈ ಸಲ ಮನಿ ನಾನೊಬ್ಬಾಕೀನ ನೋಡಿ ಬರತೀನಿ. ನೀವು ಬರೂದು ಬ್ಯಾಡ!" ಎಂದು ಗಂಡ ಮೃತ್ಯುಂಜಯನ ಎದುರು ರಣಕಹಳೆ ಊದಿಯೇ ಬಿಟ್ಟೆ.

"ಹೈವೇ ಮ್ಯಾಲೆ ಒಬ್ಬಾಕೀನ ಹೋಗತೀ?"

"ಹೋಗತೀನಿ! ಹಿಡಿಸಿದ್ರ ಅಲ್ಲೇ ಹೂಂ ಅಂದು ಬರತೀನಿ!"

ವೈಟೂಕೆ ಕಾಲದ ಕಂಪ್ಯೂಟರ್ ಕೆಲಸದ ಕೃಪೆಯಿಂದ ಧಾರವಾಡ ಬಿಟ್ಟು ನ್ಯೂಜೆರ್ಸಿ ಸೇರಿದ್ದ ನಾವು, ಬಾಸ್ಕಿಂಗ್ ರಿಡ್ಜ್ ಸುತ್ತಮುತ್ತ ಮನೆ ಹುಡುಕುತ್ತ ವೀಕೆಂಡುಗಳನ್ನೆಲ್ಲ ಸವೆಸಿದ್ದೆವು. ನನಗೆ ಹಿಡಿಸಿದ ಮನೆಗೆಲ್ಲ ಇವರದೊಂದು ಕೊಂಕು. ಒಂದರ ಬಾಗಿಲು ದಕ್ಷಿಣಕ್ಕೆ, ಇನ್ನೊಂದರ ಬೇಸ್‌ಮೆಂಟಿನಲ್ಲಿ ವಾಸನೆ! ಒಬ್ಬಳೇ ಡ್ರೈವ್ ಮಾಡಲು ಹೆದರುವ ನಾನು ಪಕ್ಕದ ಸೀಟಿನಲ್ಲಿ ಕೂತು ತಲೆಯಾಡಿಸುವ ಗೊಂಬೆಯಾಗಿದ್ದೆ.

ಆಗಲೇ ಆಫೀಸಿನ ಪಕ್ಕದ ಕ್ಯೂಬಿಕಲ್ಲಿನ ಪೆಗ್ಗಿ ಕರೆದದ್ದು. "ಶನಿವಾರ ಹಂಟಿಂಗ್ ಹೋಗ್ತಿದೀವಿ. ಹೆಂಗಸರು ಮಾತ್ರ. ಹೊಸಬರಿಗೆ ಎಲ್ಲಾ ಹೇಳಿಕೊಡ್ತಾರೆ. ಬರ್ತೀಯಾ?"

ನಮ್ಮ ಬಳಗದಲ್ಲಿ ಹಂಟಿಂಗ್ ಎಂದರೆ ಒಂದೇ ಅರ್ಥ, ಹೌಸ್ ಹಂಟಿಂಗ್! "ಗಂಡಂದಿರ ಕಾಟ ಇಲ್ಲದೇನಾ? ಖಂಡಿತ!" ಎಂದೆ.

ಶನಿವಾರ ರೇಷ್ಮೆ ಚೂಡಿದಾರ ತೊಟ್ಟು, ಬ್ಯಾಗಿಗೆ ಅಳತೆ ಟೇಪು ಹಾಕಿ, ಹಿಂದಿನ ಕಾರುಗಳ ಹಾರ್ನ್ ಮೇಳದೊಂದಿಗೆ ಹೈವೇಯಲ್ಲಿ ತೆವಳಿ, ಪೆಗ್ಗಿ ಹೇಳಿದ ಕಾಡಂಚು ತಲುಪಿದೆ. ಹೆಂಗಸರೆಲ್ಲ ಕಟ್ಟಡ ಕೆಲಸದವರ ಹಾಗೆ ಕಿತ್ತಳೆ ಬಣ್ಣದ ಜಾಕೀಟು ತೊಟ್ಟಿದ್ದರು. ಓಹೋ, ಮನೆ ಇನ್ನೂ ಕಟ್ಟುತ್ತಿದ್ದಾರೆ! ನಾನೂ ಒಂದು ತೊಟ್ಟೆ.

ನರೆಗೂದಲಿನ ಡೊರೀನ್ ಎಂಬಾಕೆ ನಮ್ಮ ಗುರು. "ಒಳ್ಳೇ ಜಾಗ. ಸದ್ದುಗದ್ದಲ ಇಲ್ಲ. ಹತ್ತಿರದಲ್ಲೇ ನೀರು," ಎಂದಳು.

"ಬಾಗಿಲು ಪೂರ್ವಕ್ಕಿದೆಯಾ?"

"ಬಾಗಿಲಾ? ಏಣಿ ಇದೆ!" ಎಂದು ಮರದ ಮೇಲಿನ ಹಲಗೆ ತೋರಿಸಿದಳು.

ಗಾಬರಿಯಲ್ಲಿ ಟೇಪು ಹೊರತೆಗೆದೆ. ಡೊರೀನಳ ಮುಖ ಅರಳಿತು. "ಗುರಿಯ ದೂರ ಅಳೆಯೋಕೆ ತಂದಿದೀಯಾ? ನೋಡ್ರೇ, ಹೊಸಬಳಾದರೂ ಎಂಥ ತಯಾರಿ!" ಎಂದವಳೇ ನನ್ನ ಕೈಗೆ ಬಿಲ್ಲು ಕೊಟ್ಟಳು.

"ಇದು ಯಾಕೆ?"

"ಜಿಂಕೆಗೆ!"

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವಳು ನಾನು! ಆದರೆ ಹಿಂತಿರುಗಿದರೆ ಮೃತ್ಯುಂಜಯ ಧಾರವಾಡಕ್ಕೆ ಫೋನ್ ಮಾಡಿ ನಗುವುದು ಖಂಡಿತ. ಸುಮ್ಮನೆ ಬಿಲ್ಲು ಹಿಡಿದೆ. ಹುಲ್ಲಿನ ಪಿಂಡಿಗೆ ಅಂಟಿಸಿದ ಕಾಗದದ ವೃತ್ತವೇ ಗುರಿ. ಮೊದಲ ಬಾಣ ಕಾಲ ಬುಡಕ್ಕೆ ಬಿತ್ತು, ಮುಂದಿನದು ಪೆಗ್ಗಿಯ ಪಿಂಡಿಗೆ. ಆಮೇಲಿನದು ಠಪ್ಪೆಂದು ನನ್ನದೇ ವೃತ್ತದ ನಡುವೆ! ಮೈಯೆಲ್ಲ ಜುಮ್ಮೆಂದಿತು. ಇಂಥ ಕೈ ನನಗಿದೆ ಎಂದು ನನಗೇ ಗೊತ್ತಿರಲಿಲ್ಲವಲ್ಲ!

"ಇನ್ನು ಮರ ಹತ್ತು. ಸದ್ದು ಮಾಡಬೇಡ. ರೆಡಿ ಅನಿಸಿದಾಗ ಬಾಣ ಬಿಡು," ಎಂದು ಹೇಳಿ ಡೊರೀನ್ ಹಿಂದೆ ಸರಿದು ನಿಂತಳು.

ಹತ್ತಿದೆ. ಸುತ್ತಲೂ ಮಂಜು. ಎಲೆ ಉದುರುವ ಸದ್ದೂ ಕೇಳುವಷ್ಟು ನಿಶ್ಶಬ್ದ. ವಿಚಿತ್ರವೆಂದರೆ ಹೆದರಿಕೆಯೇ ಆಗಲಿಲ್ಲ. ಮೆಲ್ಲಗೆ ಮಂಜು ಸರಿಯಿತು. ಎದುರಿಗೇ ಜಿಂಕೆ!

ನನ್ನನ್ನೇ ನೋಡುತ್ತಿತ್ತು. ಅದು ಅಲ್ಲಾಡಲಿಲ್ಲ, ನಾನೂ ಅಲ್ಲಾಡಲಿಲ್ಲ. ಹೆದೆ ಎಳೆದೆ. ಆ ಕಣ್ಣುಗಳು! ಕೈ ತಾನಾಗಿ ಇಳಿಯಿತು. "ಹೋಗವ್ವಾ, ನಿನ್ನ ಮಕ್ಕಳು ಕಾಯಾಕತ್ತಿರಬೇಕು. ತಪ್ಪಾತು," ಎಂದು ಬೇಡಿಕೊಂಡೆ. ಅದು ಹೋಗಲೇ ಇಲ್ಲ. ನನ್ನ ಮೇಲೆ ಎಂಥ ನಂಬಿಕೆ! ಗಳಗಳನೆ ಅತ್ತುಬಿಟ್ಟೆ.

ನನ್ನ ಅಳು ಕೇಳಿ ಎಲ್ಲರೂ ಓಡಿ ಬಂದರು. ಕೆಳಗಿಳಿದು, ಕಣ್ಣೊರೆಸಿಕೊಂಡು, ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ ಭಾಷಣವನ್ನೇ ಮಾಡಿದೆ. "ನಾನು ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಪಾಪ, ಅದರ ಮಕ್ಕಳು ಕಾಯುತ್ತಿರುತ್ತವೆ. ಪ್ರಾಣದಾನ ಮಾಡಿದೆ. ಬಿಲ್ಲು ಇಳಿಸುವುದೇ ನಿಜವಾದ ಶೌರ್ಯ!"

ಪೆಗ್ಗಿಯ ಕಣ್ಣಲ್ಲೂ ನೀರು. ತುಟಿ ಮಾತ್ರ ಬಿಗಿಹಿಡಿದಿದ್ದಳು. ಡೊರೀನ್ ನೇರ ಜಿಂಕೆಯ ಬಳಿ ನಡೆದಳು. ಕಿವಿ ಹಿಡಿದು ಎತ್ತಿ, ಕಂಕುಳಲ್ಲಿ ಇರುಕಿಕೊಂಡು ಬಂದು ಟ್ರಕ್ಕಿನೊಳಗೆ ಒಗೆದಳು.

"ಫೋಮಿನ ಗೊಂಬೆ," ಎಂದು ಪೆಗ್ಗಿ ಪಿಸುಗುಟ್ಟಿದಳು.

ಡೊರೀನ್ ಟ್ರಕ್ಕಿನ ಬಾಗಿಲು ಹಾಕುತ್ತ ನನ್ನತ್ತ ತಿರುಗಿದಳು. "ಎಷ್ಟೋ ಬ್ಯಾಚುಗಳಿಂದ ಪಾಪ ಬಾಣ ತಿಂತಾನೇ ಇದೆ. ಅದರ ಸಂಸಾರ ವಿಚಾರಿಸಿದವಳು ನೀನೊಬ್ಬಳೇ ಇರಬೇಕು!"